‘ವಂಶವಾಹಿ’ ಎಂಬ ಪದ ಮತ್ತು ಶ್ವಾಸಕೋಶ ಕ್ಯಾನ್ಸರಿನ ಪರೀಕ್ಷೆ: ಚಿಂಬಲ್‌ನಿಂದ ಒಂದು ಟಿಪ್ಪಣಿ

ಸಾಹಿತ್ಯದ ವಿದ್ಯಾರ್ಥಿ ವೈದ್ಯಕೀಯದ ಚರಿತ್ರೆ ಯಾಕೆ ಹೇಳ್ತಾನೆ ಅಂತ ನೀವು ಕೇಳಬಹುದು. ಕಾರಣ ಒಂದು ಪದ: ‘ವಂಶವಾಹಿ’.

ನಮ್ಮ ಮನೆ ಇರೋದು ಚಿಂಬಲ್‌ನ ಇಂದಿರಾನಗರದಲ್ಲಿ. ಉತ್ತರ ಕರ್ನಾಟಕದಿಂದ ಕೂಲಿಗೆ, ಗಾರೆ ಕೆಲಸಕ್ಕೆ ಬಂದ ಕುಟುಂಬಗಳು ಇಲ್ಲಿ ಬಹಳ. ಹತ್ತಿರದ ಬಾಂಬೋಳಿಯಲ್ಲಿ ಗೋವಾ ವೈದ್ಯಕೀಯ ಕಾಲೇಜಿದೆ. 1842ರಲ್ಲಿ ಪೋರ್ಚುಗೀಸರ ಆಳ್ವಿಕೆಯಲ್ಲಿ ಆರಂಭವಾದ ವೈದ್ಯಶಾಲೆಯೇ ಅದರ ಮೂಲ. ಇಲ್ಲಿಯ ರೋಗಿ ಕನ್ನಡದವರು, ಡಾಕ್ಟರ ಮಾತು ಕೊಂಕಣಿ, ರಿಪೋರ್ಟು ಇಂಗ್ಲಿಷು. ನಡುವೆ ನಿಲ್ಲುವವರು ನಮ್ಮಂಥ ಓದಿದ ಹುಡುಗರು.

ಪಕ್ಕದ ಮನೆಯ ದೊಡ್ಡವ್ವನಿಗೆ ಶ್ವಾಸಕೋಶದ ಕ್ಯಾನ್ಸರ್ ಅಂತ ಗೊತ್ತಾದಾಗ ಆಸ್ಪತ್ರೆಗೆ ಜತೆಗೆ ಹೋದವನು ನಾನು. ಬೀಡಿ ಮುಟ್ಟಿದವಳಲ್ಲ. ಡಾಕ್ಟರು ಜೀನ್ ಟೆಸ್ಟ್ ಅಂದರು; ನಾನು ‘ವಂಶವಾಹಿ ಪರೀಕ್ಷೆ’ ಅಂದೆ. ಅವ್ವನ ಮುಖ ಬಿಳುಚಿತು. “ಹಂಗಾರ ನನ್ನ ಮಕ್ಕಳಿಗೂ ಬರ್ತೈತೇನೋ ತಮ್ಮಾ?” ಅಂದಳು. ನನ್ನ ಬಳಿ ಉತ್ತರವಿರಲಿಲ್ಲ.

ಉತ್ತರ ಈ ಪರೀಕ್ಷೆಯ ಚರಿತ್ರೆಯಲ್ಲೇ ಇದೆ. ಮೊದಲು ಸೂಕ್ಷ್ಮದರ್ಶಕದಲ್ಲಿ ಜೀವಕೋಶದ ಆಕಾರ ನೋಡಿ ರೋಗದ ಬಗೆ ಹೇಳುತ್ತಿದ್ದರು. 2004ರಲ್ಲಿ ಬಾಸ್ಟನ್ನಿನ ಎರಡು ಸಂಶೋಧಕ ತಂಡಗಳು ಗೆಫಿಟಿನಿಬ್ ಮಾತ್ರೆಗೆ ಚೆನ್ನಾಗಿ ಸ್ಪಂದಿಸಿದ ಗಡ್ಡೆಗಳಲ್ಲಿ ಇಜಿಎಫ್‌ಆರ್ ಜೀನಿನ ಬದಲಾವಣೆ ಕಂಡವು. 2009ರಲ್ಲಿ ಪ್ರಕಟವಾದ, ಪೂರ್ವ ಏಷ್ಯಾದ 1217 ರೋಗಿಗಳ ಅಧ್ಯಯನ ಅದನ್ನು ಖಚಿತಪಡಿಸಿತು: ಬದಲಾವಣೆ ಇದ್ದವರಲ್ಲಿ ಕಿಮೋಗಿಂತ ಮಾತ್ರೆ ರೋಗವನ್ನು ಹೆಚ್ಚು ಕಾಲ ತಡೆಯಿತು, ಇಲ್ಲದವರಲ್ಲಿ ಕಿಮೋ ಮೇಲಾಗಿತ್ತು. ಹಾಗಾಗಿ ಪರೀಕ್ಷೆ ಇಲ್ಲದೆ ಮಾತ್ರೆ ಕೊಡೋದು ಕತ್ತಲೆಯಲ್ಲಿ ಕಲ್ಲು ಹೊಡೆದ ಹಾಗೆ.

ಪರೀಕ್ಷೆಗೆ ಯಾವಾಗಲೂ ದೊಡ್ಡ ತುಂಡು ಬೇಕಿಲ್ಲ. ಎದೆಗೂಡಿನಲ್ಲಿ ತುಂಬಿದ ನೀರನ್ನು ಸೂಜಿಯಿಂದ ತೆಗೆದು, ಯಂತ್ರದಲ್ಲಿ ತಿರುಗಿಸಿ, ತಳಕ್ಕಿಳಿದ ಕೋಶಗಳನ್ನು ಮೇಣದಲ್ಲಿ ಕೂರಿಸುತ್ತಾರೆ. ಸಾಕಷ್ಟು ಕ್ಯಾನ್ಸರ್ ಕೋಶಗಳಿದ್ದರೆ ಅದರ ಡಿಎನ್‌ಎಯೇ ಸಾಕು.

ಮುಖ್ಯ ಸಂಗತಿ ಇದು: ಈ ಬದಲಾವಣೆ ಬಹುಪಾಲು ಗಡ್ಡೆಯ ಕೋಶಗಳಲ್ಲಿ ಮಾತ್ರ ಹುಟ್ಟಿದ್ದು. ತಾಯಿಯಿಂದ ಬಂದದ್ದಲ್ಲ, ಮಕ್ಕಳಿಗೆ ಹೋಗುವುದೂ ಅಲ್ಲ. ಬೀಡಿ ಸಿಗರೇಟು ಸೇದದವರಲ್ಲೇ ಇದು ಹೆಚ್ಚು ಕಾಣುತ್ತದೆ. ಆದರೆ ನಮ್ಮ ಪಾರಿಭಾಷಿಕ ಪದದ ಒಳಗೇ ‘ವಂಶ’ ಕೂತಿದೆ. ಪಠ್ಯಪುಸ್ತಕದಲ್ಲಿ ಸರಿಯಾಗಿರುವ ಪದ, ವಾರ್ಡಿನಲ್ಲಿ ಮಗಳ ಮದುವೆಯ ಚಿಂತೆಯಾಗಿಬಿಡುತ್ತದೆ.

ಡಾಕ್ಟರನ್ನು ಮತ್ತೆ ಕೇಳಿ ಬಂದು, “ಇದು ಗಡ್ಡಿ ಪರೀಕ್ಷೆ, ದೊಡ್ಡವ್ವ, ಮನೆತನದ್ದಲ್ಲ” ಅಂದೆ. ಆಮೇಲೇ ಅವಳು ಒಪ್ಪಿದಳು. ‘ಗಡ್ಡೆಯ ಜೀನ್ ಪರೀಕ್ಷೆ’ ಅನ್ನೋಣ ಎಂಬುದು ನನ್ನ ಸಲಹೆ. ಚರ್ಚೆಗೆ ಬಿಡುತ್ತೇನೆ.