ತರಗು ಬೆಂಕಿ ಮತ್ತು ಕೆಂಪು ಚುಕ್ಕಿ

2019ರ ಫೆಬ್ರವರಿ. ಬಂಡೀಪುರ ಹೊತ್ತಿ ಉರೀತಿತ್ತು. ನಾನು ಬೆಂಗಳೂರಲ್ಲಿ ಕೂತು ನಾಸಾದ ಬೆಂಕಿ ನಕ್ಷೆ ನೋಡ್ತಿದ್ದೆ. ನೋಡಿದರೆ ಬಿಳಿಗಿರಿರಂಗನ ಬೆಟ್ಟದ ಬುಡದಲ್ಲಿ, ನಮ್ಮೂರ ಪಕ್ಕದಲ್ಲೇ ಒಂದು ಕೆಂಪು ಚುಕ್ಕಿ! ಗಾಬರಿಯಾಗಿ ಅಪ್ಪನಿಗೆ ಫೋನ್ ಮಾಡಿದೆ. "ಕಾಡಲ್ಲ ಕಣಪ್ಪಾ, ಕಬ್ಬಿನ ತರಗು ಸುಡ್ತಾವ್ರೆ" ಅಂದರು.

ಉಪಗ್ರಹದ ತಪ್ಪೇನಿಲ್ಲ ಬಿಡಿ. ಅದಕ್ಕೆ ಕಾಣೋದು ಶಾಖ ಮಾತ್ರ. ಅದರ ಒಂದು ಚುಕ್ಕಿ ಅಂದರೆ 375 ಮೀಟರ್ ಚೌಕ, ಸುಮಾರು 35 ಎಕರೆ. ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ 2004ರಿಂದಲೇ ಇಂಥ ಚುಕ್ಕಿಗಳ ಎಚ್ಚರಿಕೆ ಕೊಡ್ತಾ ಬಂದಿದೆ. ಒಳ್ಳೆಯ ಕೆಲಸವೇ. ಆದರೆ ಚುಕ್ಕಿ ಮೂಡುವ ಹೊತ್ತಿಗೆ ಬೆಂಕಿ ಹತ್ತಿಯಾಗಿರುತ್ತೆ.

ಹತ್ತುವ ಮೊದಲಿನ ಲೆಕ್ಕ ನಮ್ಮ ಬೆಟ್ಟದ ಸೋಲಿಗರ ಹತ್ತಿರ ಇತ್ತು. ಅವರು ಅದನ್ನ ತರಗು ಬೆಂಕಿ ಅಂತಾರೆ. ಬೇಸಿಗೆ ಬಲಿಯುವ ಮೊದಲೇ, ನೆಲದಲ್ಲಿ ಇನ್ನೂ ಒಂಚೂರು ತೇವ ಇರುವಾಗ, ಒಣಗಿದ ಎಲೆಗೆ ಬೆಂಕಿ ಇಡೋದು. ತಗ್ಗಿನಲ್ಲೇ ಉರಿದು ಆರಿಹೋಗುತ್ತೆ. ಹೊಸ ಹುಲ್ಲು ಚಿಗುರುತ್ತೆ, ನೆಲ್ಲಿ ಮರಕ್ಕೆ ಹತ್ತುವ ಬಂದಳಿಕೆ ಸಾಯುತ್ತೆ, ಕಡು ಬೇಸಿಗೇಲಿ ಉರಿಯೋಕೆ ಹೆಚ್ಚೇನೂ ಉಳಿಯಲ್ಲ. ಇದು ಅವರ ವಿವರಣೆ.

1974ರಲ್ಲಿ ಬೆಟ್ಟ ವನ್ಯಜೀವಿಧಾಮವಾಯಿತು. ಪೋಡುಗಳನ್ನು ಎತ್ತಂಗಡಿ ಮಾಡಿದರು, ತರಗು ಬೆಂಕಿ ಅಪರಾಧವಾಯಿತು. ಅಷ್ಟರಲ್ಲಿ ಲಂಟಾನ ನುಗ್ಗಿತು. ಸಂಶೋಧಕರು ಗುರುತು ಮಾಡಿದ ಜಾಗಗಳಲ್ಲಿ 1997ರಲ್ಲಿ ನೂರಕ್ಕೆ 41 ಕಡೆ ಇದ್ದ ಲಂಟಾನ, 2008ಕ್ಕೆ 81 ಕಡೆ ಸಿಕ್ಕಿತು. ಬೆಂಕಿ ನಿಂತದ್ದೊಂದೇ ಇದಕ್ಕೆ ಕಾರಣ ಅಂತ ನಾನು ಹೇಳಲ್ಲ. ಆದರೆ ಆಳೆತ್ತರದ ಒಣ ಲಂಟಾನಕ್ಕೆ ಕಿಡಿ ಬಿದ್ದರೆ ಆ ಉರಿ ತಗ್ಗಿನಲ್ಲಿ ನಿಲ್ಲೋದಿಲ್ಲ, ಮರದ ಕೊಂಬೆಗೇ ಏರುತ್ತೆ.

ಆಮೇಲೆ ನಕ್ಷೆ ಮಾಡುವ ಸರದಿ ಸೋಲಿಗರದ್ದೇ ಆಯಿತು. ಏಟ್ರೀ ಸಂಸ್ಥೆಯವರ ಜೊತೆ ಜಿಪಿಎಸ್ ಹಿಡಿದು ಕಾಡು ಸುತ್ತಿದರು. ಬರೀ ಹಸಿರು ಬಣ್ಣ ಬಳಿದಿದ್ದ ಕಡೆಯೆಲ್ಲ ಕುಲಗಳ ಯೆಲ್ಲೆಗಳು ಮೂಡಿದವು. ಒಂದೊಂದು ಯೆಲ್ಲೆಗೂ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ. ಅಬ್ಬಿ ಅಂದರೆ ನೀರಿನ ಜಾಗ. ಬೆಂಕಿ ಆರಿಸೋಕೆ ಹೋದವನಿಗೆ ಮೊದಲು ಬೇಕಾದದ್ದು ಅದೇ ಅಲ್ವಾ?

2011ರಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕೂ ಸಿಕ್ಕಿತು. ಜೇನು, ನೆಲ್ಲಿ, ದೇವರ ಜಾಗಗಳಿಗೆ ದಾರಿ ತೆರೆಯಿತು, ತರಗು ಬೆಂಕಿಗೆ ಮಾತ್ರ ಇಲ್ಲ. 1974ರಲ್ಲಿ ಇಪ್ಪತ್ತರ ಹರೆಯದಲ್ಲಿ ಅದನ್ನು ಹಚ್ಚಿದವರಿಗೆ ಈಗ ಎಪ್ಪತ್ತು ದಾಟಿದೆ.