ಬ್ರುನ್‌ಹಿಲ್ಡ್: ಐತಿಹ್ಯದ ವೀರನಾರಿ ಮತ್ತು ಇತಿಹಾಸದ ರಾಣಿ

ಜರ್ಮಾನಿಕ್ ಜನಾಂಗಗಳ ವೀರಗಾಥೆಗಳಲ್ಲಿ ಬ್ರುನ್‌ಹಿಲ್ಡಳಷ್ಟು ವಿದ್ವಾಂಸರ ಚರ್ಚೆಗೆ ವಿಷಯವಾದ ಸ್ತ್ರೀಪಾತ್ರಗಳು ವಿರಳ. ಅವಳ ಕಥೆ ಮುಖ್ಯವಾಗಿ ಎರಡು ಪರಂಪರೆಗಳಲ್ಲಿ ನಮಗೆ ದೊರೆಯುತ್ತದೆ. 13ನೆಯ ಶತಮಾನದಲ್ಲಿ ಐಸ್‌ಲೆಂಡಿನಲ್ಲಿ ಬರಹಕ್ಕಿಳಿದ ಎಡ್ಡಾ ಗೀತೆಗಳು ಹಾಗೂ ವೋಲ್ಸುಂಗ ಸಾಗಾ ಒಂದು. ಸುಮಾರು 1200ರಲ್ಲಿ ರಚಿತವಾದ ಜರ್ಮನ್ ಕಾವ್ಯ ನೀಬೆಲುಂಗೆನ್‌ಲೀಡ್ ಇನ್ನೊಂದು.

ಐಸ್‌ಲೆಂಡಿನ ಕಥೆಯಲ್ಲಿ ಅವಳು ವಾಲ್ಕಿರಿ, ಎಂದರೆ ರಣದಲ್ಲಿ ಮಡಿಯತಕ್ಕವರನ್ನು ಆರಿಸುವ ಕನ್ಯೆ. ಓಡಿನ್ ದೇವನ ಇಚ್ಛೆಗೆ ವಿರುದ್ಧವಾಗಿ ಒಬ್ಬ ಅರಸನನ್ನು ಕೆಡವಿ ದಂಡನೆಗೆ ಗುರಿಯಾದವಳು. ಅಗ್ನಿವಲಯವನ್ನು ದಾಟಿ ಬಂದವನನ್ನೇ ವರಿಸುವುದು ಅವಳ ಪಣ. ಸಿಗೂರ್ಡನು ಗುನ್ನಾರನ ರೂಪವನ್ನು ಧರಿಸಿ ಬೆಂಕಿಯನ್ನು ದಾಟುತ್ತಾನೆ. ವಂಚನೆ ಬಯಲಾದಾಗ ಅವಳು ಸಿಗೂರ್ಡನನ್ನು ಕೊಲ್ಲಿಸಿ, ತಾನೂ ಖಡ್ಗದಿಂದ ಇರಿದುಕೊಂಡು ಅವನ ಚಿತೆಯನ್ನು ಸೇರುತ್ತಾಳೆ. ಜರ್ಮನ್ ಕಾವ್ಯದಲ್ಲಾದರೋ ಅವಳು ಈಟಿ ಎಸೆತ, ಕಲ್ಲೆಸೆತ, ಜಿಗಿತಗಳಲ್ಲಿ ವರನನ್ನು ಪರೀಕ್ಷಿಸುವ ಕಡಲಾಚೆಯ ರಾಣಿ. ಸೀಗ್‌ಫ್ರೀಡನ ಕೊಲೆಯಾದ ಮೇಲೆ ಕವಿ ಅವಳನ್ನು ಬಹುಮಟ್ಟಿಗೆ ಮರೆತುಬಿಡುತ್ತಾನೆ.

ಈ ಹೆಸರಿನ ರಾಣಿಯೊಬ್ಬಳು ಇತಿಹಾಸದಲ್ಲಿಯೂ ಇದ್ದಳು. ಸ್ಪೇನಿನ ವಿಸಿಗಾಥ್ ಅರಸ ಅಥಾನಗಿಲ್ಡನ ಮಗಳಾದ ಈಕೆ ಸುಮಾರು 567ರಲ್ಲಿ ಫ್ರಾಂಕರ ಪೂರ್ವರಾಜ್ಯದ ಅರಸ ಸಿಗಿಬರ್ಟನನ್ನು ವರಿಸಿದಳು. 575ರಲ್ಲಿ ಸಿಗಿಬರ್ಟನ ಕೊಲೆಯಾಯಿತು. ಹೆಸರುಗಳ ಸಾಮ್ಯ, ಇಬ್ಬರು ರಾಣಿಯರ ವೈರ, ವೀರನ ಕೊಲೆ ಇವುಗಳನ್ನು ಕಂಡು ಕೆಲವು ವಿದ್ವಾಂಸರು ಐತಿಹ್ಯದ ಮೂಲ ಇಲ್ಲಿಯೇ ಇದೆಯೆಂದು ಊಹಿಸಿದರು. ಆದರೆ ಗುನ್ನಾರನ ಮೂಲಪುರುಷನೆನ್ನಲಾದ ಬರ್ಗಂಡಿಯನ್ನರ ಅರಸ ಗುಂಡಹಾರನು ಮಡಿದದ್ದು ಸುಮಾರು 437ರಲ್ಲಿ. 130 ವರ್ಷಗಳ ಅಂತರವುಳ್ಳವರನ್ನು ಕಥೆ ಸಮಕಾಲೀನರನ್ನಾಗಿ ಮಾಡುತ್ತದೆ. ಆದ್ದರಿಂದ ಹೆಸರಿನ ಸಾಮ್ಯವೊಂದರಿಂದಲೇ ಇಬ್ಬರೂ ಒಬ್ಬಳೇ ಎಂದು ನಿರ್ಣಯಿಸುವುದು ಸಾಧುವಲ್ಲ.

ಹಾಗಾದರೆ ಈ ಹೋಲಿಕೆಯಿಂದ ಪ್ರಯೋಜನವಿಲ್ಲವೇ? ಉಂಟೆಂದು ನಾವು ಭಾವಿಸುತ್ತೇವೆ. ರಾಣಿಯ ಸಮಕಾಲೀನನಾದ ತೂರ್ ನಗರದ ಬಿಷಪ್ ಗ್ರೆಗರಿ 581ರ ಘಟನೆಯೊಂದನ್ನು ದಾಖಲಿಸಿದ್ದಾನೆ. ತನ್ನ ಪಕ್ಷದ ಲೂಪಸ್ ಎಂಬ ಸರದಾರನ ಮೇಲೆ ವಿರೋಧಿಗಳು ದಂಡೆತ್ತಿ ಬಂದಾಗ ರಾಣಿ ಗಂಡಸಿನಂತೆ ನಡುಕಟ್ಟಿ ಎರಡು ಸೈನ್ಯಗಳ ನಡುವೆ ನುಗ್ಗಿದಳು. ಅವಳು ಹೋದದ್ದು ಕಾದುವುದಕ್ಕಲ್ಲ, ಕಾಳಗವನ್ನು ತಡೆಯುವುದಕ್ಕೆ. ಆದರೆ 613ರಲ್ಲಿ ಎರಡನೆಯ ಕ್ಲೋಥಾರನು ಅವಳನ್ನು ಸೆರೆಹಿಡಿದು, ರಾಜವಂಶದ ಹತ್ತು ಮಂದಿಯ ಸಾವಿಗೆ ಅವಳೇ ಹೊಣೆಯೆಂದು ಆರೋಪಿಸಿ, ಕುದುರೆಗೆ ಕಟ್ಟಿಸಿ ಎಳೆಸಿ ಕೊಲ್ಲಿಸಿದನು. ಫ್ರೆಡೆಗಾರನ ಹೆಸರಿನಲ್ಲಿರುವ ವೃತ್ತಾಂತದಲ್ಲಿ ಈ ಪಟ್ಟಿಯಿದೆ. ಅದರಲ್ಲಿ ಅವಳ ಗಂಡನಾದ ಸಿಗಿಬರ್ಟನ ಹೆಸರೂ ಸೇರಿದೆ. ಅವನನ್ನು ಕೊಲ್ಲಿಸಿದವಳು ಕ್ಲೋಥಾರನ ತಾಯಿ ಫ್ರೆಡೆಗುಂಡಳೇ ಎಂದು ಗ್ರೆಗರಿ ಬರೆದಿರುವುದು ಇಲ್ಲಿ ಗಮನಾರ್ಹ.

ಗೆದ್ದವರ ಆರೋಪವೇ ವೃತ್ತಾಂತವಾಗಿ ಉಳಿದುಬರುವುದನ್ನು ಇಲ್ಲಿ ಸ್ಪಷ್ಟವಾಗಿ ಕಾಣುತ್ತೇವೆ. ಐತಿಹ್ಯವನ್ನು ಕಲ್ಪನೆಯೆಂದು ಸಂಶಯಿಸುವ ನಾವು ವೃತ್ತಾಂತವನ್ನು ಸುಲಭವಾಗಿ ನಂಬುತ್ತೇವೆ. ಪ್ರಕೃತ ಸಂದರ್ಭದಲ್ಲಾದರೋ ವಂಚನೆಗೊಳಗಾದ ಹೆಣ್ಣಿನ ಪಕ್ಷವನ್ನು ಐಸ್‌ಲೆಂಡಿನ ಗಾಥೆ ಕೇಳಿಸಿಕೊಂಡಿದೆ. ಪರಲೋಕದ ದಾರಿಯಲ್ಲಿ ತನ್ನ ನಡತೆಯನ್ನು ಸಮರ್ಥಿಸಿಕೊಳ್ಳಲು ಅವಳಿಗೆ ಒಂದು ಗೀತೆಯನ್ನೇ ಮೀಸಲಿಟ್ಟಿದೆ. ಐತಿಹಾಸಿಕ ರಾಣಿಗೆ ಫ್ರೆಡೆಗಾರನ ವೃತ್ತಾಂತ ಅಂತಹ ಅವಕಾಶವನ್ನು ಕೊಡಲಿಲ್ಲ. ಆದಕಾರಣ ಆಧಾರವು ಗಾಥೆಯಾಗಲಿ, ವೃತ್ತಾಂತವಾಗಲಿ, ಅದನ್ನು ಯಾರು, ಯಾವಾಗ, ಯಾರ ಪಕ್ಷದಲ್ಲಿ ನಿಂತು ಹೇಳಿದರೆಂಬುದನ್ನು ಮೊದಲು ವಿಚಾರಿಸುವುದು ಇತಿಹಾಸದ ವಿದ್ಯಾರ್ಥಿಗಳಾದ ನಮ್ಮ ಕರ್ತವ್ಯವಾಗಿದೆ.