ನೆರಳನ್ನು ಓದುವ ಯಂತ್ರ

ಬಳ್ಳಾರಿಯ ಹಳಬರಿಗೆ ವೆಲ್ಲೆಸ್ಲಿ ಆಸ್ಪತ್ರೆಯೆಂದರೆ ಕ್ಷಯದ ಆಸ್ಪತ್ರೆ. ಎದೆಯ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೆರಳು ಹುಡುಕುವುದು ಇಂಥ ಕಡೆಗಳಲ್ಲಿ ದಶಕಗಳಿಂದ ವೈದ್ಯರ ಕಣ್ಣಿನ ಕೆಲಸ. ಕ್ಷಯದ ತಪಾಸಣೆಯಲ್ಲಿ ಆ ಕೆಲಸವನ್ನು ಕೃತಕ ಬುದ್ಧಿಮತ್ತೆಯ ಕಂಪ್ಯೂಟರಿಗೂ ವಹಿಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಒಪ್ಪಿತು. 15 ವರ್ಷ ಮತ್ತು ಮೇಲ್ಪಟ್ಟವರಿಗೆ ಮಾತ್ರ.

ಕಂಪ್ಯೂಟರ್ ಕೊಡುವುದು ಒಂದು ಅಂಕವನ್ನಷ್ಟೆ. ಎಷ್ಟು ಅಂಕ ದಾಟಿದವರನ್ನು ಕಫ ಪರೀಕ್ಷೆಗೆ ಕಳಿಸಬೇಕೆಂಬ ಗಡಿಯನ್ನು ಮನುಷ್ಯರೇ ಗೊತ್ತುಮಾಡಬೇಕು. ನೈತಿಕ ತೊಡಕು ಇರುವುದು ಇಲ್ಲಿ. ಗಡಿ ಇಳಿಸಿದರೆ ಸಿರುಗುಪ್ಪದ ಅಕ್ಕಿ ಗಿರಣಿಯ ಆರೋಗ್ಯವಂತ ಹಮಾಲಿಯೊಬ್ಬ ದಿನದ ಕೂಲಿ ಬಿಟ್ಟು ಆಸ್ಪತ್ರೆಗೆ ಅಲೆಯಬೇಕು. ಏರಿಸಿದರೆ ನಿಜವಾದ ರೋಗಿಯೇ ತಪ್ಪಿಹೋದಾನು. ಹಿಂದೆಂದೋ ಕ್ಷಯ ಬಂದು ವಾಸಿಯಾದ ಕುರುಗೋಡಿನ ಅಜ್ಜಿಯ ಎದೆಯಲ್ಲುಳಿದ ಹಳೆಯ ಕಲೆಯನ್ನು ಯಂತ್ರ ಹೊಸ ರೋಗವೆಂದು ಬಗೆಯುವುದೂ ಉಂಟು. ಗಡಿಯನ್ನು ಆಯಾ ಪ್ರದೇಶದ ಜನರನ್ನು ಪರೀಕ್ಷಿಸಿ ನಿಗದಿಪಡಿಸಬೇಕೆಂದು ಸಂಸ್ಥೆ ಸೂಚಿಸಿರುವುದು ಇದಕ್ಕಾಗಿಯೇ.

ಯಂತ್ರಕ್ಕೆ ಎಷ್ಟು ಬೆಲೆ, ರೋಗಿಯ ಮಾತಿಗೆ ಎಷ್ಟು ಎಂಬ ಚರ್ಚೆ ಕರ್ನಾಟಕಕ್ಕೆ ಹೊಸದಲ್ಲ. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾದಾಗ, ಎಕ್ಸ್‌ರೇ ವಾಹನಗಳನ್ನು ಊರೂರಿಗೆ ಕಳಿಸಿ ರೋಗಿಗಳನ್ನು ಹುಡುಕುವುದೇ ಸರಿಯಾದ ದಾರಿಯೆಂದು ನಂಬಿದವರು ಬಹಳ ಮಂದಿ. ಹಳ್ಳಿಯವರಿಗೆ ತಮ್ಮ ರೋಗದ ಪರಿವೆಯಿಲ್ಲ ಎಂಬುದು ಅದರ ಹಿಂದಿದ್ದ ಎಣಿಕೆ. ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ವಿಚಾರಿಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನ ಅದನ್ನು ಬುಡಮೇಲು ಮಾಡಿತು. ರೋಗಿಗಳಲ್ಲಿ ಬಹುತೇಕರಿಗೆ ತಮ್ಮ ಲಕ್ಷಣಗಳ ಅರಿವಿತ್ತು. ಸುಮಾರು ಅರ್ಧದಷ್ಟು ಮಂದಿ ಆಗಲೇ ಆಧುನಿಕ ಚಿಕಿತ್ಸೆ ಅರಸಿ ಹೋಗಿದ್ದರು. ಹೋದವರಿಗೆ ಸಾಮಾನ್ಯವಾಗಿ ಸಿಕ್ಕಿದ್ದು ಕೆಮ್ಮಿನ ಔಷಧಿಯ ಬಾಟಲಿ! ಕೆಮ್ಮುತ್ತ ಆಸ್ಪತ್ರೆಗೆ ಬಂದವರ ಕಫವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಅಗ್ಗದ ಕ್ರಮಕ್ಕೆ ರಾಷ್ಟ್ರೀಯ ಕಾರ್ಯಕ್ರಮ ಒತ್ತುಕೊಟ್ಟದ್ದರ ಹಿಂದೆ ಇಂಥ ತಿಳಿವಳಿಕೆಯಿತ್ತು. ಲಕ್ಷಣವೇ ಕಾಣದ ಕ್ಷಯಿಗಳೂ ಇದ್ದಾರೆಂಬುದು ಇಂದು ಗೊತ್ತಿರುವುದರಿಂದ, ಎಕ್ಸ್‌ರೇ ಮತ್ತೆ ಮುಂಚೂಣಿಗೆ ಬಂದಿದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2023ರಲ್ಲಿ ಹೊರತಂದ ನೈತಿಕ ಮಾರ್ಗಸೂಚಿ, ಯಂತ್ರದ ಮೇಲೆ ಮನುಷ್ಯರ ಉಸ್ತುವಾರಿಯಿರಬೇಕು, ತಪ್ಪಿಗೆ ಹೊಣೆಗಾರರಿರಬೇಕು, ರೋಗಿಯ ಒಪ್ಪಿಗೆ ಬೇಕು ಎನ್ನುತ್ತದೆ. ಒಪ್ಪಿಗೆ ಎಂಬುದು ಬರೆಯಲು ಸುಲಭ. ಗಿರಣಿಯ ಅಂಗಳದಲ್ಲೇ ತಪಾಸಣೆ ನಡೆದರೆ, ಮಾಲೀಕರ ಎದುರಿನಲ್ಲಿ ಕೂಲಿಯಾಳು ‘ಬೇಡ’ ಎಂದಾನೆಯೆ? ಅಂಕ ಹೆಚ್ಚು ಬಂದ ಸುದ್ದಿ ಅವರಿಗೆ ಮೊದಲು ಮುಟ್ಟಿದರೆ, ಕಫ ಪರೀಕ್ಷೆಯ ಫಲಿತಾಂಶ ಬರುವಷ್ಟರಲ್ಲಿ ಅವನ ಕೆಲಸ ಹೋಗಿರಲೂಬಹುದು. ಅಂಕದ ಚೀಟಿ ಯಾರ ಕೈ ಸೇರಬೇಕೆಂಬುದು ಎಕ್ಸ್‌ರೇ ತೆಗೆಯುವ ಮುನ್ನವೇ ತೀರ್ಮಾನವಾಗಬೇಕಾದ ಮಾತು.